ಕೈಗೊಂದು ಪದ್ಧತಿ: ನಮ್ಮ ಸಿಎಸ್‌ಎಸ್‌ಡಿಯ ಟ್ರೈನಿಂಗ್ ಕಥೆ

ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನು ತೊಳೆಯುವ ಸಿಎಸ್‌ಎಸ್‌ಡಿಯಲ್ಲಿ ಟ್ರೈನಿಂಗ್ ಅಂದರೆ ಬಹಳ ವರ್ಷ ಹೀಗೆ ನಡೆಯುತ್ತಿತ್ತು. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಕಾನ್ಫರೆನ್ಸ್ ರೂಮಿಗೆ ಹೋಗಬೇಕು. ಯಾವುದೋ ಕಂಪನಿಯವರು ಬಂದು ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸುತ್ತಾರೆ. ಎಸಿ ತಂಪಿಗೆ ಅರ್ಧ ಜನಕ್ಕೆ ನಿದ್ದೆ ಎಳೆಯುತ್ತದೆ. ಕೊನೆಗೆ ಒಂದು ಸಮೋಸ, ಒಂದು ಟೀ, ಹಾಜರಿ ಪುಸ್ತಕದಲ್ಲಿ ಒಂದು ಸಹಿ. ಆಡಿಟ್‌ಗೆ ಬಂದವರು ಆ ಸಹಿಗಳನ್ನು ನೋಡಿ ತಲೆಯಾಡಿಸಿ ಹೋಗುತ್ತಾರೆ.

ಸಿಎಸ್‌ಎಸ್‌ಡಿ ಅಂದರೆ ಸೆಂಟ್ರಲ್ ಸ್ಟೆರೈಲ್ ಸಪ್ಲೈ ಡಿಪಾರ್ಟ್‌ಮೆಂಟ್. ಆಪರೇಷನ್ ಆದ ಮೇಲೆ ಕತ್ತರಿ, ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಚಿಮುಟ), ಸಕ್ಷನ್ ಟಿಪ್ (ರಕ್ತ ಹೀರುವ ಕೊಳವೆ) ಎಲ್ಲ ಇಲ್ಲಿಗೇ ಬರುತ್ತವೆ. ತೊಳೆದು, ನೋಡಿ, ಪ್ಯಾಕ್ ಮಾಡಿ, ಸ್ಟೆರಿಲೈಸ್ ಮಾಡಿ ಮತ್ತೆ ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ, ಕಳಿಸುವ ಜಾಗ. ಎಷ್ಟೋ ಆಸ್ಪತ್ರೆಗಳಲ್ಲಿ ಇದು ನೆಲಮಾಳಿಗೆಯಲ್ಲಿ, ಲಾಂಡ್ರಿ ಪಕ್ಕದಲ್ಲಿ ಇರುತ್ತದೆ. ನಮ್ಮದೂ ಹಾಗೇ. ರೋಗಿಗಳ ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ಡಾಕ್ಟರುಗಳಿಗೇ ಅದು ಯಾವ ಫ್ಲೋರಿನಲ್ಲಿದೆ ಅಂತ ಗೊತ್ತಿರುವುದಿಲ್ಲ.

ನಾನು ಓಟಿ ನರ್ಸ್. ಬೆಂಗಳೂರಿನ ದಕ್ಷಿಣ ಭಾಗದ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಒಂದು ದಿನ ಗಾಲ್‌ಬ್ಲಾಡರ್ ಕೇಸಿಗೆ ಲ್ಯಾಪ್ ಸೆಟ್ (ಸಣ್ಣ ತೂತಿನ ಆಪರೇಷನ್ನಿನ ಸಾಮಾನು) ಬಿಚ್ಚಿದಾಗ ಒಂದು ಗ್ರಾಸ್ಪರ್‌ನ (ಹಿಡಿದೆಳೆಯುವ ಇಕ್ಕಳ) ಬಾಯಿಯಲ್ಲಿ ಕಂದು ಬಣ್ಣದ ಒಣಗಿದ ಚೂರು ಸಿಕ್ಕಿತು. ಪುಣ್ಯಕ್ಕೆ ಸರ್ಜನ್‌ಗೆ ಸಾಮಾನು ಕೊಡುವ ಸ್ಕ್ರಬ್ ಸಿಸ್ಟರ್ ಕಣ್ಣಿಗೆ ಮೊದಲೇ ಬಿತ್ತು. ಆ ಸೆಟ್ ತೆಗೆದಿಟ್ಟು ಬೇರೆ ಸೆಟ್ ತರಿಸಬೇಕಾಯಿತು. ಕೇಸ್ ಲೇಟ್ ಆಯಿತು. ಸರ್ಜನ್ ಕೂಗಾಡಿದರು. ಸ್ವಲ್ಪ ದಿನಕ್ಕೆ ಇನ್ನೊಂದು ಓಟಿಯಿಂದ ಅಂಥದ್ದೇ ದೂರು ಬಂತು.

ಮೀಟಿಂಗ್ ಕರೆದರು. ಮೀಟಿಂಗಿನಲ್ಲಿ ಮೊದಲು ಬಂದ ಮಾತು ಹೊಸ ಆಟೋಕ್ಲೇವ್ (ಹಬೆಯಲ್ಲಿ ಜೀವಾಣು ಕೊಲ್ಲುವ ಮಷಿನ್) ತಗೊಳ್ಳೋಣ ಅಂತ. ಆಗ ನಮ್ಮ ಮೈಕ್ರೊಬಯಾಲಜಿ ಮೇಡಂ, "ಅದು ಕೊಳೆ ತೊಳೆಯೋ ಮಷಿನ್ ಅಲ್ಲ ಅಲ್ವಾ?" ಅಂದರು. ಮಾತು ನಿಜ. ಹಬೆ ಲೋಹಕ್ಕೆ ಮುಟ್ಟಿದರೆ ಮಾತ್ರ ಅಲ್ಲಿನ ಜೀವಾಣು ಸಾಯುತ್ತದೆ. ಮೇಲೆ ರಕ್ತದ ಪದರ ಕೂತಿದ್ದರೆ ಅದರ ಅಡಿ ಏನಾಯಿತು ಅಂತ ಯಾರೂ ಗ್ಯಾರಂಟಿ ಕೊಡಲಾರರು. 134 ಡಿಗ್ರಿಯಲ್ಲಿ ಬೇಯಿಸಿದ ಕೊಳೆಯೂ ಕೊಳೆಯೇ. ಮೊದಲು ಸಿಂಕ್ ನೋಡಿ, ಆಮೇಲೆ ಮಷಿನ್ ಮಾತಾಡಿ ಅಂದರು ಮೇಡಂ. ಸಿಂಕ್ ನೋಡುವ ಕೆಲಸ, ಆಮೇಲೆ ಎಲ್ಲರಿಗೂ ಒಂದೇ ಥರ ಟ್ರೈನಿಂಗ್ ಕೊಡುವ ಕೆಲಸ, ಎರಡೂ ನನ್ನ ಮತ್ತು ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ತಲೆಗೆ ಬಂತು.

ನಾವು ಮೊದಲ ಕೆಲವು ವಾರ ಏನೂ ಹೇಳಿಕೊಡಲಿಲ್ಲ. ಸುಮ್ನೆ ಏಪ್ರನ್ ಹಾಕಿಕೊಂಡು ಬಳಸಿದ ಸಾಮಾನು ತೊಳೆಯುವ ಡರ್ಟಿ ಏರಿಯಾದಲ್ಲಿ ನಿಂತು ನೋಡಿದೆವು.

ಕೊಪ್ಪಳದ ಹುಡುಗ ರಕ್ತದ ಕೊಳೆ ಬಿಡಿಸುವ ಎಂಜೈಮ್ ದ್ರಾವಣವನ್ನು ಮುಚ್ಚಳದಲ್ಲಿ ಅಳೆದು ಹಾಕುತ್ತಿದ್ದ. ಅಸ್ಸಾಮಿನ ಹುಡುಗ ಕ್ಯಾನ್ ಬಗ್ಗಿಸಿ ಗಳಗಳ ಅಂತ ಸುರಿಯುತ್ತಿದ್ದ. ಇನ್ನೊಬ್ಬರು ಬಿಸಿ ಬಿಸಿ ನೀರು ಬಿಡುತ್ತಿದ್ದರು. ಬಿಸಿ ನೀರಿದ್ದರೆ ಬೇಗ ಕ್ಲೀನ್ ಆಗುತ್ತೆ ಅಂತ ಅವರ ನಂಬಿಕೆ. ಆದರೆ ರಕ್ತಕ್ಕೆ 45 ಡಿಗ್ರಿ ದಾಟಿದ ನೀರು ಬಿದ್ದರೆ ಪ್ರೋಟೀನ್ ಗಟ್ಟಿಯಾಗಿ ಲೋಹಕ್ಕೆ ಅಂಟಿಕೊಳ್ಳಲು ಶುರುವಾಗುತ್ತದೆ. ಎಂಜೈಮಿಗೂ ಉಗುರು ಬೆಚ್ಚಗಿನ ನೀರೇ ಬೇಕು. ಒಬ್ಬರು ಆರ್ಟರಿ ಫೋರ್ಸೆಪ್ಸಿನ ಲಾಕ್ ಬಿಚ್ಚಿ ಬಾಯಿ ತೆರೆದು ಉಜ್ಜುತ್ತಿದ್ದರು, ಮತ್ತೊಬ್ಬರು ಲಾಕ್ ಹಾಕಿದ ಹಾಗೇ ಹೊರಗಿನಿಂದ ಉಜ್ಜಿ ಇಡುತ್ತಿದ್ದರು. ಒಬ್ಬರು ನೀರಿನೊಳಗೆ ಮುಳುಗಿಸಿ ಬ್ರಷ್ ಮಾಡುತ್ತಿದ್ದರು. ಇನ್ನೊಬ್ಬರು ನಲ್ಲಿ ಕೆಳಗೆ ಹಿಡಿದು ಉಜ್ಜುವಾಗ ಹನಿ ಅವರ ಮುಖಕ್ಕೇ ಸಿಡಿಯುತ್ತಿತ್ತು. ಫೇಸ್ ಶೀಲ್ಡ್ ಮಾತ್ರ ಮೊಳೆಗೆ ನೇತುಹಾಕಿತ್ತು.

ಯಾರೂ ಸೋಮಾರಿಗಳಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ದೂರು ಬಂದ ತಕ್ಷಣ ಮೇಲಿನವರು ಮೊದಲು ಹೇಳಿದ್ದೇ "ಕೆಲಸ ಮಾಡಲ್ಲ ಅವರು" ಅಂತ. ಯಾಕೆ ಹೀಗೆ ಮಾಡ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳಿದಾಗ ಎಲ್ಲರ ಹತ್ತಿರವೂ ಉತ್ತರ ಇತ್ತು. "ಸೇರಿದಾಗ ಅಣ್ಣ ಹೀಗೇ ಹೇಳಿಕೊಟ್ಟಿದ್ದು." ಆ ಅಣ್ಣನಿಗೆ ಹೇಳಿಕೊಟ್ಟವರು ಬೇರೆ ಆಸ್ಪತ್ರೆಯ ಇನ್ನೊಬ್ಬ ಅಣ್ಣ. ಮನೆಗೊಂದು ಸಾರಿನ ರುಚಿ ಇದ್ದ ಹಾಗೆ ಇಲ್ಲಿ ಕೈಗೊಂದು ಪದ್ಧತಿ. ಸಾರು ಹೇಗಿದ್ದರೂ ಊಟ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಬರೆದಿಟ್ಟ ಎಸ್‌ಓಪಿ (ಕೆಲಸದ ಕ್ರಮ) ಇರಲಿಲ್ಲವಾ ಅಂದರೆ, ಇತ್ತು. ಅಕ್ರೆಡಿಟೇಷನ್ (ಗುಣಮಟ್ಟದ ಮಾನ್ಯತೆ) ಟೈಮಿನಲ್ಲಿ ಮಾಡಿಸಿದ ದಪ್ಪ ಫೈಲು, ಸೂಪರ್‌ವೈಸರ್ ಟೇಬಲ್ಲಿನ ಡ್ರಾದಲ್ಲಿ. ಅದರಲ್ಲಿ ಬರೆದಿದ್ದು ತಪ್ಪಲ್ಲ. ಆದರೆ ಒದ್ದೆ ಗ್ಲೌಸ್ ಹಾಕಿದ ಕೈಯಲ್ಲಿ ಯಾರು ಫೈಲ್ ತಿರುವಿ ಹಾಕುತ್ತಾರೆ? ನಾವು ಆ ಫೈಲನ್ನು ಒಡೆದೆವು. ಒಂದೊಂದು ಜಾತಿ ಇನ್‌ಸ್ಟ್ರುಮೆಂಟಿಗೆ ಒಂದೇ ಹಾಳೆ. ಕೀಲಿರುವವು, ಟೊಳ್ಳು ಇರುವವು, ಬಿಡಿಭಾಗ ಬಿಚ್ಚಬೇಕಾದವು, ಮೋಟರ್ ಇರುವವು. ನಮ್ಮ ಸಿಂಕಿನಲ್ಲೇ, ನಮ್ಮ ಹುಡುಗರ ಕೈಯನ್ನೇ ಫೋಟೊ ತೆಗೆದೆವು. ಕೆಳಗೆ ಎರಡೆರಡು ಸಾಲು ಕನ್ನಡ, ಹಿಂದಿ. ಲ್ಯಾಮಿನೇಟ್ ಮಾಡಿಸಿ ಕಣ್ಣಿನ ಮಟ್ಟಕ್ಕೆ ಅಂಟಿಸಿದೆವು.

ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಒಂದು ಗೆರೆ. ಎಂಜೈಮ್ ಕ್ಯಾನಿನ ಮೇಲೆ ಲೀಟರಿಗೆ ಇಷ್ಟು ಎಂಎಲ್ ಅಂತ ಬರೆದಿರುತ್ತದೆ. ಸಿಂಕಿನಲ್ಲಿ ಎಷ್ಟು ಲೀಟರ್ ಇದೆ ಅಂತ ಯಾರಿಗೆ ಗೊತ್ತು? ಬಕೆಟ್ಟಿನಲ್ಲಿ ಅಳೆದು ನೀರು ತುಂಬಿಸಿ, 10 ಲೀಟರ್ ಮಟ್ಟಕ್ಕೆ ಸಿಂಕಿನೊಳಗೆ ಅಳಿಸದ ಗೆರೆ ಹಾಕಿಸಿದೆವು. ಪಕ್ಕದಲ್ಲಿ ಅಳತೆ ಕಪ್ಪು, ಥರ್ಮಾಮೀಟರ್, ಟೈಮರ್. ಇಷ್ಟಕ್ಕೆ ಪರ್ಚೇಸ್‌ನವರೂ ತಕರಾರು ಮಾಡಲಿಲ್ಲ. ಲಕ್ಷಗಟ್ಟಲೆ ಮಷಿನ್ ಕೇಳಿದ್ದ ಇಲಾಖೆ ಪ್ಲಾಸ್ಟಿಕ್ ಕಪ್ಪು ಕೇಳಿದ್ದಕ್ಕೆ ನಕ್ಕರು ಅಷ್ಟೇ.

ಹಾಳೆ ಬರೆಯುವಾಗ ಜಗಳವೂ ಆಯಿತು. ಕೋಲಾರದ ಕಡೆಯ ಒಬ್ಬ ಹಿರಿಯರು ನಮ್ಮಲ್ಲಿದ್ದಾರೆ, ಇಲಾಖೆ ಶುರುವಾದಾಗಿನಿಂದ ಇದ್ದವರು. "ನನಗೇ ಕತ್ತರಿ ತೊಳೆಯೋದು ಹೇಳಿಕೊಡ್ತೀರಾ ಸಿಸ್ಟರ್" ಅಂತ ಮುಖ ತಿರುಗಿಸಿದರು. ಅವರ ಪಕ್ಕ ನಿಂತು ನೋಡಿದರೆ, ಫೈಲಿನಲ್ಲಿ ಇಲ್ಲದ್ದು ಅವರ ಬೆರಳಲ್ಲಿತ್ತು. ನೀಡಲ್ ಹೋಲ್ಡರನ್ನು ಬೆಳಕಿಗೆ ಹಿಡಿದು ಬಾಯಿ ಮುಚ್ಚಿ, ನಡುವೆ ಬೆಳಕು ಕಾಣುತ್ತಾ ಅಂತ ನೋಡುತ್ತಿದ್ದರು. ಕಂಡರೆ ಅದು ಸವೆದಿದೆ, ಸೂಜಿ ಜಾರುತ್ತದೆ. ಫೋರ್ಸೆಪ್ಸಿಗೆ ಲಾಕ್ ಹಾಕಿ ಅಂಗೈಗೆ ಮೆಲ್ಲಗೆ ತಟ್ಟುತ್ತಿದ್ದರು. ತಾನಾಗಿ ಬಿಚ್ಚಿಕೊಂಡರೆ ರಿಪೇರಿಗೆ. ಕೀಲು ಬಿಗಿಯಾಗಿದ್ದರೆ ಒಳಗೆ ಕೊಳೆ ಇದೆ ಅಂತ ಮತ್ತೆ ಸಿಂಕಿಗೆ. ಅದೆಲ್ಲವನ್ನೂ ಪ್ಯಾಕಿಂಗ್ ಟೇಬಲ್ಲಿನ ಹಾಳೆಗೆ ಹಾಕಿದೆವು, ಅವರದೇ ಕೈ ಫೋಟೊದಲ್ಲಿ. ಆಮೇಲೆ ಹಾಳೆಯ ವಿರುದ್ಧ ಯಾರಾದರೂ ಗೊಣಗಿದರೆ ಅವರೇ ಗದರುತ್ತಿದ್ದರು. ಸ್ಟೀಲ್ ನಾರಿನ ವಿಷಯದಲ್ಲಿ ಮಾತ್ರ ನಾವು ಬಗ್ಗಲಿಲ್ಲ. ಹೊಳಪು ಬರುತ್ತೆ ಅಂತ ಅವರು ಅದರಲ್ಲಿ ಉಜ್ಜುತ್ತಿದ್ದರು. ಅದು ಮಾಡುವ ಸಣ್ಣ ಗೀರುಗಳಲ್ಲೇ ಕೊಳೆ ಮತ್ತು ತುಕ್ಕು ಮನೆ ಮಾಡುತ್ತವೆ.

ಹೇಳಿದ್ದನ್ನು ನಂಬಿಸಲು ಗುಳ್ಳೆ ಸಹಾಯ ಮಾಡಿತು. ತೊಳೆದು ಮುಗಿಸಿದ ಸಕ್ಷನ್ ಟಿಪ್ಪುಗಳನ್ನು ಟ್ರೇಯಲ್ಲಿ ಇಟ್ಟು, ಒಂದೊಂದರ ಒಳಗೂ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟೆವು. ಒಳಗೆ ರಕ್ತ ಉಳಿದಿದ್ದರೆ ನೊರೆ ಉಕ್ಕುತ್ತದೆ. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಟಿಪ್ಪಿನ ತುದಿಯಲ್ಲಿ ಬಿಳಿ ನೊರೆ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಯಾರು ತೊಳೆದದ್ದು ಅಂತ ಕೇಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು, ಕೇಳಲಿಲ್ಲ. ಅವರೇ ಬ್ರಷ್ ತಂದು ಅಳತೆ ನೋಡಿದರು. ಎಲ್ಲ ಟಿಪ್ಪಿಗೂ ಒಂದೇ ಬ್ರಷ್ ಇತ್ತು, ಸಣ್ಣ ಟಿಪ್ಪಿನೊಳಗೆ ಅದು ಹೋಗುವುದೇ ಇಲ್ಲ. ದೊಡ್ಡದರಲ್ಲಿ ಗೋಡೆಗೇ ತಾಗುವುದಿಲ್ಲ. ಇದು ಟ್ರೈನಿಂಗ್ ಸಮಸ್ಯೆ ಅಲ್ಲ, ಬ್ರಷ್ ಸಮಸ್ಯೆ. ಟ್ರೈನಿಂಗ್ ಕೊಡಿ ಅಂತ ಹೇಳುವವರು ಇದನ್ನು ನೆನಪಿಟ್ಟರೆ ಚೆನ್ನಾಗಿತ್ತು. ಸಾಮಾನೇ ಇಲ್ಲದೆ ಎಷ್ಟು ಕಲಿಸಿದರೂ ಅಷ್ಟೇ.

ಮಷಿನ್ ಕಡೆ ಹೆಚ್ಚು ಕಷ್ಟ ಕೊಟ್ಟಿದ್ದು ಟೇಪು. ಪ್ಯಾಕಿನ ಮೇಲೆ ಅಂಟಿಸುವ ಆಟೋಕ್ಲೇವ್ ಟೇಪಿನ ಪಟ್ಟೆ ಕಪ್ಪಾದರೆ ಸ್ಟೆರೈಲ್ ಆಯ್ತು ಅಂತ ಎಲ್ಲರ ನಂಬಿಕೆ. ಓಟಿಯಲ್ಲೂ ಇದೇ ನಂಬಿಕೆ. ಆ ಪಟ್ಟೆ ಹೇಳುವುದು ಇಷ್ಟೇ: ಈ ಪ್ಯಾಕ್ ಮಷಿನ್ ಒಳಗೆ ಹೋಗಿ ಬಂದಿದೆ. ಒಳಗಿನ ಇನ್‌ಸ್ಟ್ರುಮೆಂಟಿಗೆ ಹಬೆ ಮುಟ್ಟಿತಾ, ಎಷ್ಟು ಹೊತ್ತು ಮುಟ್ಟಿತು ಅನ್ನುವುದಕ್ಕೆ ಪ್ಯಾಕ್ ಒಳಗೆ ಇಡುವ ಇಂಡಿಕೇಟರ್ ಬೇಕು. ಅದಕ್ಕೂ ಮೇಲೆ ಸ್ಪೋರ್ ಟೆಸ್ಟ್. ಅದರಲ್ಲಿ ಇರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾದ ಸ್ಪೋರ್, ಅಂದರೆ ಗಟ್ಟಿ ಕವಚದ ಬೀಜದಂಥ ರೂಪ, ಹಬೆಗೆ ಸುಲಭವಾಗಿ ಸಾಯದ್ದು. ಅದೇ ಸತ್ತರೆ ಉಳಿದವು ಸತ್ತಿವೆ ಅಂತ ಲೆಕ್ಕ. ಹೆಸರು ಬಾಯಿಪಾಠ ಮಾಡಿಸಲಿಲ್ಲ. "ಗಟ್ಟಿ ಪಿಂಡ" ಅಂತ ಕೊಪ್ಪಳದ ಹುಡುಗ ಹೆಸರಿಟ್ಟ, ಅದೇ ಉಳಿಯಿತು.

ಬಿಡಿ (ಬೋವಿ-ಡಿಕ್) ಟೆಸ್ಟ್ ಕಥೆಯೂ ಹಾಗೇ. ಬೋವಿ ಮತ್ತು ಡಿಕ್ ಅಂತ ಇಬ್ಬರು ಸ್ಕಾಟ್ಲೆಂಡಿನಲ್ಲಿ ಈ ಪರೀಕ್ಷೆ ರೂಪಿಸಿದರು, 1963ರಲ್ಲಿ ಅದು ಪ್ರಕಟವಾಯಿತು. ವ್ಯಾಕ್ಯೂಮ್ ಆಟೋಕ್ಲೇವ್ ಒಳಗಿನ ಗಾಳಿಯನ್ನು ಪೂರ್ತಿ ಎಳೆದು ಹಾಕಿತಾ ಅಂತ ನೋಡುವುದೇ ಅದರ ಕೆಲಸ. ದಿನಾ ಬೆಳಿಗ್ಗೆ ಮೊದಲ ಲೋಡಿಗೆ ಮುಂಚೆ, ಖಾಲಿ ಚೇಂಬರಿನಲ್ಲಿ, 134 ಡಿಗ್ರಿಗೆ ಮೂರೂವರೆ ನಿಮಿಷ. ನಮ್ಮಲ್ಲಿ ಬೆಳಗಿನ ಶಿಫ್ಟಿನವರು ಟೈಮ್ ಉಳಿಯಲಿ ಅಂತ ಲೋಡ್ ಜೊತೆಗೇ ಹಾಕಿಬಿಡುತ್ತಿದ್ದರು. ಟೆಸ್ಟ್ ಪ್ಯಾಕಿನೊಳಗಿನ ಬಣ್ಣ ಬದಲಾಗುವ ಶೀಟ್ ಫೈಲಿಗೆ ಹೋಗುತ್ತಿತ್ತು. ಖಾಲಿಯಾಗಿ ಯಾಕೆ ಓಡಿಸಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಚೇಂಬರ್ ತುಂಬಿದ್ದರೆ ಉಳಿದ ಗಾಳಿ ಎಲ್ಲ ಪ್ಯಾಕುಗಳಿಗೂ ಹಂಚಿಹೋಗುತ್ತದೆ, ಟೆಸ್ಟ್ ಪ್ಯಾಕಿನಲ್ಲಿ ಸಣ್ಣ ದೋಷ ಕಾಣುವುದಿಲ್ಲ. ಖಾಲಿ ಇದ್ದರೆ ಅಷ್ಟೂ ಗಾಳಿ ಒಂದೇ ಪ್ಯಾಕಿಗೆ ನುಗ್ಗುತ್ತದೆ, ಶೀಟಿನ ನಡುವೆ ಬಣ್ಣ ಪೇಲವವಾಗಿ ನಿಲ್ಲುತ್ತದೆ. ಪಾಸಾದ ಶೀಟ್, ಫೇಲಾದ ಶೀಟ್ ಎರಡನ್ನೂ ಅಕ್ಕಪಕ್ಕ ಗೋಡೆಗೆ ಹಾಕಿದ ಮೇಲೆ ಈ ವಿಷಯಕ್ಕೆ ಇನ್ನೊಂದು ಕ್ಲಾಸ್ ಬೇಕಾಗಲಿಲ್ಲ.

ನನಗೇ ಹೊಸದಾಗಿ ಗೊತ್ತಾದ ಒಂದು ಸಂಗತಿ ಇದೆ. ಮಂಗಳೂರಿನಿಂದ ಬಂದ ಒಬ್ಬ ಟೆಕ್ನಿಷಿಯನ್ ನಮ್ಮ ಹಳೆಯ ನಿಲುವು ಆಟೋಕ್ಲೇವನ್ನು ಒತ್ತಡದ ಗೇಜಿನ 15 ಪೌಂಡ್ ನೋಡಿ ನಡೆಸುತ್ತಿದ್ದ. 15 ಪೌಂಡ್ ಅಂದರೆ 121 ಡಿಗ್ರಿ ಅಂತ ಅವನ ಪಾಠ. ಸಮುದ್ರ ಮಟ್ಟದಲ್ಲಿ ಅದು ಸರಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಹತ್ತಿರ. ಹೊರಗಿನ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಅದೇ 15 ಪೌಂಡಿಗೆ ಒಳಗೆ 121 ಬರುವುದಿಲ್ಲ, ಒಂದೂವರೆ ಡಿಗ್ರಿಯಷ್ಟು ಕೆಳಗೇ ನಿಲ್ಲುತ್ತದೆ. ಹೊಸ ಮಷಿನ್‌ಗಳು ಉಷ್ಣತೆ ನೋಡಿಯೇ ಟೈಮ್ ಎಣಿಸುತ್ತವೆ, ಅಲ್ಲಿ ತೊಂದರೆ ಇಲ್ಲ. ಹಳೆಯದರ ಮೇಲೆ ಮಾತ್ರ "ಪೌಂಡ್ ಅಲ್ಲ, ಡಿಗ್ರಿ ನೋಡಿ" ಅಂತ ಬರೆದು ಅಂಟಿಸಿದೆವು. ಮೇಡಂ ಇದನ್ನು ಬಿಡಿಸಿ ಹೇಳಿದಾಗ ಆ ಹುಡುಗನಿಗೆ ಆದ ಖುಷಿ ನೋಡಬೇಕಿತ್ತು. ಊರಿಗೆ ಫೋನ್ ಮಾಡಿ ಹೇಳಿದನಂತೆ.

ಇಷ್ಟೆಲ್ಲ ಆದರೂ ಕೊಳೆ ಒಣಗಿಯೇ ಬರುತ್ತಿತ್ತು. ಯಾಕೆಂದರೆ ಸಿಎಸ್‌ಎಸ್‌ಡಿ ಕೆಲಸ ಶುರುವಾಗುವುದು ಓಟಿಯಲ್ಲಿ. ಕೇಸ್ ಮುಗಿದ ಮೇಲೆ ಇನ್‌ಸ್ಟ್ರುಮೆಂಟನ್ನು ಟ್ರೇಗೆ ಸುರಿದು, ಬ್ಲೇಡನ್ನೂ ಅದರಲ್ಲೇ ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಕಳಿಸುವ ಅಭ್ಯಾಸ ಎಷ್ಟೋ ಓಟಿಗಳಲ್ಲಿದೆ. ಇಲ್ಲವೇ ಸಲೈನಿನಲ್ಲಿ ಮುಳುಗಿಸಿ ಇಡುತ್ತಾರೆ. ಸಲೈನಿನ ಉಪ್ಪು ಸ್ಟೀಲನ್ನು ತಿನ್ನುತ್ತದೆ, ಸಣ್ಣ ಗುಳಿಗಳು ಬೀಳುತ್ತವೆ. ಆ ಗುಳಿಯಲ್ಲಿ ಮತ್ತೆ ಕೊಳೆ. ಕೇಸ್ ನಡೆಯುವಾಗಲೇ ಸ್ಟೆರೈಲ್ ನೀರಿನಲ್ಲಿ ಒರೆಸಿ, ಮುಗಿದ ಮೇಲೆ ಎಂಜೈಮ್ ಸ್ಪ್ರೇ ಹೊಡೆದು ಒದ್ದೆಯಾಗಿಯೇ ಕೆಳಗೆ ಕಳಿಸಬೇಕು.

ಓಟಿ ಸಿಸ್ಟರುಗಳನ್ನು ಟ್ರೈನಿಂಗಿಗೆ ಕರೆದರೆ "ಇದು ನಮ್ಮ ಕೆಲಸ ಅಲ್ಲ" ಅಂದರು. ಓಟಿಯವಳೇ ಆದ ನನಗೆ ಅವರ ಕಷ್ಟ ಗೊತ್ತು. ಒಂದು ಕೇಸ್ ಮುಗಿಯುವ ಮೊದಲೇ ಮುಂದಿನ ರೋಗಿ ಬಾಗಿಲಲ್ಲಿರುತ್ತಾರೆ. ಕೊನೆಗೆ ಕ್ಲಾಸ್ ಬಿಟ್ಟು ಬೇರೆ ದಾರಿ ಹಿಡಿದೆವು. ಒಬ್ಬೊಬ್ಬ ಸಿಸ್ಟರ್ ಅರ್ಧ ದಿನ ಕೆಳಗೆ ಬಂದು ತಮ್ಮದೇ ಓಟಿಯ ಟ್ರೇ ಬಿಚ್ಚಬೇಕು. ಒಣಗಿದ ಲ್ಯಾಪ್ ಗ್ರಾಸ್ಪರ್ ಉಜ್ಜಿ ನೋಡಿದವರು ಮರುದಿನದಿಂದ ಸ್ಪ್ರೇ ಹೊಡೆಯಲು ಶುರು ಮಾಡಿದರು. ಎಲ್ಲರೂ ಅಲ್ಲ. ಬ್ಲೇಡ್ ಈಗಲೂ ಅಪರೂಪಕ್ಕೆ ಟ್ರೇಯಲ್ಲಿ ಸಿಗುತ್ತದೆ, ಆಗೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ತೊಳೆಯುವವನ ಬೆರಳಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಭಯದಲ್ಲಿ ಅವನ ಮನೆಯವರೆಲ್ಲ ನಿದ್ದೆಗೆಡಬೇಕು.

ನಡುವೆ 2024ರ ಬೇಸಿಗೆ ಬಂತು. ಬೆಂಗಳೂರಿನವರಿಗೆ ಆ ಬೇಸಿಗೆ ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿನ ಮೇಲೆ ನಡೆಯಿತು. ಗಡಸು ನೀರಿನ ಬಿಳಿ ಕಲೆ ಇನ್‌ಸ್ಟ್ರುಮೆಂಟ್ ಮೇಲೆಲ್ಲ. ಸರಿಯಾಗಿ ತೊಳೆದಿಲ್ಲ ಅಂತ ಓಟಿಯಿಂದ ಫೋನ್ ಮೇಲೆ ಫೋನ್. ಹುಡುಗರು ಪಾಪ ಮತ್ತೆ ಮತ್ತೆ ಉಜ್ಜಿದರು, ಕಲೆ ಮತ್ತೆ ಬಂತು. ಕೊನೆಯ ರಿನ್ಸಿಗೆ ಆರ್‌ಓ ನೀರೇ ಆಗಬೇಕು ಅಂತ ಹಾಳೆಯಲ್ಲಿ ಬರೆದಿದ್ದೆವು. ಪ್ಲಾಂಟಿನ ಸಾಮರ್ಥ್ಯ ಸಾಲದೆ ಆ ಸಾಲನ್ನು ಎಲ್ಲರೂ ದಾಟಿ ಹೋಗಿದ್ದರು. ದೂರು ಬಂದಾಗ ಅದೇ ಹಾಳೆ ತೋರಿಸಿ ಮೇಂಟೆನೆನ್ಸ್‌ನವರ ಹತ್ತಿರ ಪ್ರತ್ಯೇಕ ಲೈನ್ ಎಳೆಸಿಕೊಂಡೆವು. ಬರೆದ ನಿಯಮ ಕೆಲಸಗಾರನನ್ನು ಹಿಡಿಯಲು ಮಾತ್ರ ಇರುವುದಲ್ಲ, ಅವನ ಪರವಾಗಿ ಕೇಳಲೂ ಬರುತ್ತದೆ ಅಂತ ನಮ್ಮ ಹುಡುಗರಿಗೆ ಅವತ್ತು ಅನ್ನಿಸಿರಬೇಕು. ಅಲ್ಲಿಂದ ಹಾಳೆಗೆ ಮರ್ಯಾದೆ ಜಾಸ್ತಿ ಆಯಿತು.

ಪರೀಕ್ಷೆ ಹೇಗೆ ಮಾಡುವುದು ಅನ್ನುವುದರ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಪ್ರಶ್ನೆಪತ್ರಿಕೆ ಬೇಡ. ಬರೆಯಲು ಬರುವವನು ಪಾಸಾಗುತ್ತಾನೆ, ತೊಳೆಯಲು ಬರುವವನು ಫೇಲಾಗುತ್ತಾನೆ. ನಮ್ಮಲ್ಲಿ ಹೊಸಬರು ಮೊದಲು ನೋಡುತ್ತಾರೆ, ಆಮೇಲೆ ಹೇಳಿಸಿಕೊಂಡು ಮಾಡುತ್ತಾರೆ, ಆಮೇಲೆ ನಾವು ತುಟಿ ಬಿಚ್ಚದೆ ನಿಂತಿರುವಾಗ ಒಬ್ಬರೇ ಮಾಡುತ್ತಾರೆ. ಹಾಳೆಯ ಒಂದೊಂದು ಸಾಲಿಗೂ ಟಿಕ್. ಒಂದು ಸಾಲು ತಪ್ಪಿದರೂ ಆ ಜಾತಿಯ ಇನ್‌ಸ್ಟ್ರುಮೆಂಟಿಗೆ ಅವರು ಇನ್ನೂ ಸ್ವತಂತ್ರರಲ್ಲ. ಸ್ಟೆಪ್ ಮಾಡಿದರೆ ಸಾಲದು, ಯಾಕೆ ಮಾಡ್ತೀಯ ಅಂತ ಕೇಳಿದರೆ ತಮ್ಮ ಮಾತಿನಲ್ಲಿ ಹೇಳಬೇಕು, ಯಾವ ಭಾಷೆಯಾದರೂ ಸರಿ. ನೈಟ್ ಶಿಫ್ಟಿನವರಿಗೆ ನೈಟಿನಲ್ಲೇ ಟ್ರೈನಿಂಗ್. ರಾತ್ರಿಯೆಲ್ಲ ದುಡಿದವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿ ಪಾಠ ಮಾಡುವುದು ಹಿಂಸೆ. ಅವರಿಗೆ ಕೆಂಗೇರಿ ಬಸ್ ಹಿಡಿದು ಹೋಗಿ ಮಲಗಿದರೆ ಸಾಕಾಗಿರುತ್ತದೆ.

ಶುರುವಿನ ತಿಂಗಳುಗಳಲ್ಲಿ ದೂರುಗಳ ಲೆಕ್ಕ ಏರಿತು. ಮ್ಯಾನೇಜ್‌ಮೆಂಟ್ ಗಾಬರಿಯಾಯಿತು, ಟ್ರೈನಿಂಗ್ ಕೊಟ್ಟ ಮೇಲೆ ಜಾಸ್ತಿ ಆಯ್ತಲ್ಲ ಅಂತ. ಮೊದಲು ಯಾರೂ ಬರೆಯುತ್ತಲೇ ಇರಲಿಲ್ಲ, ಅಷ್ಟೇ ವಿಷಯ. ವೆಟ್ ಪ್ಯಾಕ್, ಅಂದರೆ ಆಟೋಕ್ಲೇವಿನಿಂದ ಒದ್ದೆಯಾಗಿ ಹೊರಬಂದ ಪ್ಯಾಕ್, ಬಂದರೆ ಸುಮ್ನೆ ಒಣಗಿಸಿ ಕಪಾಟಿಗೆ ಇಡುತ್ತಿದ್ದರು. ಈಗ ಅದನ್ನು ಬರೆದು, ಬಿಚ್ಚಿ, ಮತ್ತೆ ಮೊದಲಿನಿಂದ ಮಾಡುತ್ತಾರೆ. ಯಾಕೆ ಒದ್ದೆ ಬಂತು ಅಂತಲೂ ಹುಡುಕುತ್ತಾರೆ. ಬಿಸಿ ಪ್ಯಾಕನ್ನು ತಣ್ಣನೆಯ ಸ್ಟೀಲ್ ಟೇಬಲ್ ಮೇಲೆ ಇಟ್ಟಿದ್ದಾ, ಒಂದರ ಮೇಲೊಂದು ಒತ್ತಿ ತುಂಬಿದ್ದಾ, ಮಂಡಿ ಆಪರೇಷನ್ ಟ್ರೇ ಭಾರ ಆಯ್ತಾ. ಒಂದು ಟ್ರೇ 11 ಕೆಜಿ ದಾಟಬಾರದು ಅಂತ ತೂಕದ ಮಷಿನ್ ಇಟ್ಟಿದ್ದೇವೆ. ಲೆಕ್ಕ ಆಮೇಲೆ ಇಳಿಯಿತು. ಓಟಿಯಲ್ಲಿ ಬಿಚ್ಚಿ ವಾಪಸ್ ಬರುವ ಸೆಟ್ ಈಗ ಅಪರೂಪ, ಬಂದರೆ ಅದು ಯಾವ ಲೋಡು, ಯಾರ ಕೈ ಅಂತ ಲೇಬಲ್ ನೋಡಿ ಹೇಳಬಹುದು.

ದೊಡ್ಡ ತಲೆನೋವು ಉಳಿದಿರುವುದು ಜನ ಬಿಟ್ಟು ಹೋಗುವುದು. ಚೆನ್ನಾಗಿ ಕಲಿತ ಹುಡುಗನಿಗೆ ರಿಂಗ್ ರೋಡಿನ ಇನ್ನೊಂದು ಆಸ್ಪತ್ರೆ ಎರಡು ಸಾವಿರ ಹೆಚ್ಚು ಕೊಟ್ಟರೆ ಹೋಗುತ್ತಾನೆ. ಹೋಗಲೇಬೇಕು, ಪಿಜಿ ಬಾಡಿಗೆ ಯಾರು ಕಟ್ಟುತ್ತಾರೆ? ಕಾಂಟ್ರಾಕ್ಟ್ ಮೇಲೆ ಹೌಸ್‌ಕೀಪಿಂಗಿನಿಂದ ಎತ್ತಿ ಸಿಂಕಿಗೆ ನಿಲ್ಲಿಸುವ ಪದ್ಧತಿಯನ್ನು ನಿಲ್ಲಿಸಿ ಅಂತ ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ಹಾಳೆಯ ಎಲ್ಲ ಜಾತಿಗೂ ಟಿಕ್ ಆದವರಿಗೆ ಸಂಬಳದಲ್ಲಿ ಸ್ವಲ್ಪ ಏರಿಕೆ ಕೊಡಿ ಅಂತ ಬರೆದ ಪತ್ರಕ್ಕೆ ಅರ್ಧ ಉತ್ತರ ಬಂದಿದೆ: ತತ್ವಶಃ ಒಪ್ಪಿಗೆ.

ಈಗ ನಮ್ಮ ಕಣ್ಣು ಎಂಡೋಸ್ಕೋಪಿ ರೂಮಿನ ಮೇಲಿದೆ. ಹೊಟ್ಟೆಯೊಳಗೆ ನೋಡುವ ಕೊಳವೆಯಂಥ ಸ್ಕೋಪುಗಳನ್ನು ಅವರೇ ತೊಳೆದುಕೊಳ್ಳುತ್ತಾರೆ, ಅಲ್ಲೇ ಪಕ್ಕದ ಸಣ್ಣ ಕೋಣೆಯಲ್ಲಿ. ಉದ್ದದ ತೆಳ್ಳನೆ ಚಾನೆಲ್ಲುಗಳು, ಶಾಖ ತಡೆಯದ ಸಾಮಾನು, ಆಟೋಕ್ಲೇವಿಗೆ ಹಾಕುವ ಹಾಗಿಲ್ಲ. ಚಾನೆಲ್ ಒಳಗೆ ಬ್ರಷ್ ಆಡಿಸಿ, ಕೆಮಿಕಲ್ಲಿನಲ್ಲಿ ಡಿಸಿನ್‌ಫೆಕ್ಟ್ ಮಾಡಿ, ಪೂರ್ತಿ ಒಣಗಿಸಿ ನೇತುಹಾಕಬೇಕು. ಒಳಗೆ ಹಸಿ ಉಳಿದರೆ ರಾತ್ರಿ ಕಳೆಯುವುದರಲ್ಲಿ ಜೀವಾಣು ಬೆಳೆಯುತ್ತದೆ. ಅಲ್ಲಿ ಇಬ್ಬರು ಸಿಸ್ಟರ್ ಇದ್ದಾರೆ, ಇಬ್ಬರದೂ ಬೇರೆ ಬೇರೆ ಪದ್ಧತಿ. ಪೆರಾಕ್ಸೈಡ್ ಅಲ್ಲಿ ನಡೆಯುವುದಿಲ್ಲ, ಉಳಿದ ಕೊಳೆ ತೋರಿಸುವ ಪ್ರೋಟೀನ್ ಸ್ವಾಬಿಗೆ ಇಂಡೆಂಟ್ ಹಾಕಿದ್ದೇವೆ. ಬಂದ ಮೇಲೆ ಮೊದಲು ಅವರ ಪಕ್ಕದಲ್ಲಿ ನಿಂತು ನೋಡಬೇಕು. ಆ ಕೋಣೆಯಲ್ಲಿ ಮೂರನೆಯವರಿಗೆ ನಿಲ್ಲಲು ಜಾಗವೇ ಇಲ್ಲ, ಅದಕ್ಕೊಂದು ದಾರಿ ಹುಡುಕುತ್ತಿದ್ದೇವೆ.